ಕೂಡಲವೆಂದ ಮೇಲೆ ಸಂಗಮವೇಕೆ

ಅಮೀನಗಡದಿಂದ ಹೆಚ್ಚು ದೂರವಿಲ್ಲದ, ಕೃಷ್ಣೆಯೂ ಮಲಪ್ರಭೆಯೂ ಒಂದಾಗುವ ಕೂಡಲಸಂಗಮದ ಹೆಸರನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಪದಗಳಿದ್ದು, ಎರಡರ ಅರ್ಥವೂ ಒಂದೇ ಎಂಬುದು ತಿಳಿಯುತ್ತದೆ. ‘ಕೂಡು’ ಎಂಬ ಧಾತುವಿನಿಂದ ಹುಟ್ಟಿದ ‘ಕೂಡಲ್’ ಎಂಬುದು ಹೊಳೆಗಳು ಸೇರುವ ಎಡೆಗೆ ದ್ರಾವಿಡ ನುಡಿಗಳಲ್ಲಿ ಹಿಂದಿನಿಂದ ಬಂದ ಹೆಸರು. ತುಂಗೆ ಭದ್ರೆಗಳು ಸೇರುವ ಶಿವಮೊಗ್ಗ ಜಿಲ್ಲೆಯ ಕೂಡಲಿಯೂ, ತಮಿಳುನಾಡಿನಲ್ಲಿ ಇಂದು ಕಡಲೂರು ಎನಿಸಿಕೊಂಡಿರುವ ಕೂಡಲೂರೂ ಇದೇ ಬೇರಿನವು. ‘ಸಂಗಮ’ ಎಂಬುದು ಅದನ್ನೇ ಸಂಸ್ಕೃತದಲ್ಲಿ ಹೇಳುತ್ತದೆ. ಕಾವ್ಯದ ಗುಣದೋಷಗಳನ್ನು ತೂಗುವವರು ಇದನ್ನು ಪುನರುಕ್ತಿ, ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವ ದೋಷ, ಎಂದು ಎಣಿಸಬೇಕಾಗುತ್ತದೆ. ವ್ಯಾಕರಣದವರಿಗೆ ಇನ್ನೊಂದು ಆಕ್ಷೇಪವೂ ಉಂಟು: ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಒಂದೇ ಸಮಾಸದಲ್ಲಿ ಕಟ್ಟುವುದನ್ನು ಅರಿಸಮಾಸವೆಂದು ಕರೆದು, ಬಿರುದುಗಳಂಥ ಕೆಲವು ಕಡೆ ಮತ್ತು ಪೂರ್ವಕವಿಗಳ ಪ್ರಯೋಗವಿದ್ದ ಕಡೆ ಮಾತ್ರ ಒಪ್ಪುವ ಕಟ್ಟುಪಾಡನ್ನು 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಹಾಕಿಕೊಟ್ಟಿದ್ದಾನೆ, ಅವನಿಗೂ ಮೊದಲು ಮುಳುಗುಂದದ ನಯಸೇನ ಇಂಥ ಬೆರಕೆಯನ್ನು ತುಪ್ಪದೊಳಗೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ನಕ್ಕಿದ್ದ. ಹೀಗೆ ಒಂದೇ ಹೆಸರಿನಲ್ಲಿ ಎರಡು ದೋಷಗಳು. ಆದರೂ ಬಸವಣ್ಣನವರ ಸುಮಾರು 1,400 ವಚನಗಳು ಕೊನೆಗೊಳ್ಳುವುದು ಈ ಹೆಸರಿನಲ್ಲಿಯೇ, ಮತ್ತು ಕನ್ನಡದಲ್ಲಿ ಇಷ್ಟು ಬಾರಿ ಉಚ್ಚರಿಸಲ್ಪಟ್ಟ ದೇವರ ಹೆಸರು ಇನ್ನೊಂದಿರುವುದು ಸಂಶಯ.

ಇಲ್ಲಿ ಏಳುವ ಪ್ರಶ್ನೆ ಬರಿಯ ಭಾಷಾಶುದ್ಧಿಯದಲ್ಲ. ಹೊಸದೇನನ್ನೂ ಹೇಳದ ಮಾತು ಎರಡು ಬಗೆಯಾಗಿರುತ್ತದೆ. ಮೊದಲನೆಯದು ಪದಗಳ ಮಟ್ಟದ್ದು: ಒಮ್ಮೆ ತಿಳಿಸಿದ ಅರ್ಥವನ್ನು ಇನ್ನೊಂದು ಪದದಿಂದ ಮತ್ತೆ ತಿಳಿಸುವುದು, ಅಂದರೆ ಪುನರುಕ್ತಿ. ಎರಡನೆಯದು ವಾಕ್ಯದ ಮಟ್ಟದ್ದು: ಲೋಕ ಹೇಗೇ ಇದ್ದರೂ ಸುಳ್ಳಾಗಲು ಸಾಧ್ಯವೇ ಇಲ್ಲದ, ತನ್ನ ಕಟ್ಟಡದ ಬಲದಿಂದಲೇ ಸತ್ಯವಾಗಿರುವ ವಾಕ್ಯ, ಇದನ್ನು ಸದಾಸತ್ಯ ವಾಕ್ಯವೆನ್ನಬಹುದು. ಗ್ರೀಕ್ ಮೂಲದ ‘ಟಾಟಾಲಜಿ’ ಎಂಬ ಒಂದೇ ಪದ ಯುರೋಪಿನ ಭಾಷೆಗಳಲ್ಲಿ ಈ ಎರಡಕ್ಕೂ ಸಲ್ಲುತ್ತಿರುವುದರಿಂದ ಅಲ್ಲಿ ಎರಡೂ ಒಂದೇ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಎರಡರ ಮೇಲಿನ ದೂರು ಮಾತ್ರ ನಿಜವಾಗಿಯೂ ಒಂದೇ: ಇವು ಖಾಲಿ ಮಾತುಗಳು. ಈ ದೂರು ಧರ್ಮದ ಅಂಗಳಕ್ಕೆ ಬಂದಾಗ ತೀಕ್ಷ್ಣವಾಗುತ್ತದೆ. ಏಕೆಂದರೆ ಧರ್ಮ ಬದುಕುವುದೇ ಜಪ, ಅಂಕಿತ, ನಾಮಸ್ಮರಣೆ ಎಂಬ ಪುನರುಕ್ತಿಗಳಲ್ಲಿ, ಮತ್ತು ಅದರ ಅತಿ ದೊಡ್ಡ ಮಾತುಗಳು ‘ಇದು ಅದೇ’ ಎಂಬ ಅಭೇದದ ಮಾತುಗಳು. ಹೇಳಿದ್ದನ್ನೇ ಹೇಳುವುದು ವ್ಯರ್ಥವೆಂದಾದರೆ ಅದರ ಆಸ್ತಿಯಲ್ಲಿ ಬಹುಪಾಲು ಕೈಬಿಟ್ಟು ಹೋಗುತ್ತದೆ.

ಮೊದಲು ದಿನಬಳಕೆಯ ನುಡಿಯನ್ನು ನೋಡುವುದು ಲೇಸು. ಯಾವ ಊರಿನ ಜಾತ್ರೆಯಲ್ಲಾದರೂ ಕಮಾನಿನ ಮೇಲೆ ‘ಸುಸ್ವಾಗತ’ ಎಂದು ಬರೆದಿರುತ್ತದೆ; ‘ಸ್ವಾಗತ’ ಎಂಬುದೇ ‘ಸು’ ಮತ್ತು ‘ಆಗತ’ ಸೇರಿ ಆದದ್ದಾದ್ದರಿಂದ ಬಂದವರಿಗೆ ಅಲ್ಲಿ ಒಳಿತನ್ನು ಎರಡು ಸಲ ಕೋರಿದಂತಾಯಿತು. ‘ನೀಲಗಿರಿ ಬೆಟ್ಟ’ದಲ್ಲಿ ಬೆಟ್ಟ ಎರಡು ಬಾರಿ ಬಂದಿದೆ, ‘ವಿಂಧ್ಯಾಚಲ ಪರ್ವತ’ದಲ್ಲಿಯೂ ಅಷ್ಟೆ. ಇವು ಮೂಲದ ಅರ್ಥ ಮರೆತುಹೋದದ್ದರಿಂದ ಆದ ಪುನರುಕ್ತಿಗಳು. ಇವುಗಳನ್ನು ಹಿಡಿದು ಬರೆಹಗಾರರನ್ನು ಗದರಿಸುವ ಪಂಡಿತರ ಉತ್ಸಾಹಕ್ಕೆ ಹೆಚ್ಚಿನ ಬೆಲೆಯೇನೂ ಇಲ್ಲ. ಇವುಗಳಿಗಿಂತ ಕುತೂಹಲದ್ದು ‘ಬಂಧುಬಳಗ’, ‘ಕಾಗದಪತ್ರ’, ‘ಕೋರ್ಟುಕಚೇರಿ’ಗಳಂಥ ಜೋಡುನುಡಿಗಳು. ಮೊದಲನೆಯದರಲ್ಲಿ ಸಂಸ್ಕೃತದ ಪಕ್ಕದಲ್ಲಿ ಕನ್ನಡ ಕುಳಿತಿದೆ, ಎರಡನೆಯದರಲ್ಲಿ ಫಾರಸಿಯ ಪಕ್ಕದಲ್ಲಿ ಸಂಸ್ಕೃತ, ಮೂರನೆಯದರಲ್ಲಿ ಇಂಗ್ಲಿಷಿನ ಪಕ್ಕದಲ್ಲಿ ಉತ್ತರದಿಂದ ಬಂದ ಕಚೇರಿ. ಬೇರೆ ಬೇರೆ ಆಳ್ವಿಕೆಗಳೂ ನುಡಿಗಳೂ ಹಾದುಹೋದ ನಾಡಿನಲ್ಲಿ ಒಂದು ಪದ ಒಬ್ಬರಿಗೆ ತಿಳಿಯದಿದ್ದರೆ ಇನ್ನೊಂದು ತಿಳಿಯಲಿ ಎಂಬಂತೆ ಜನ ಎರಡನ್ನೂ ಒಟ್ಟಿಗೆ ಕಟ್ಟಿ ಇಟ್ಟುಕೊಂಡರು. ಕಾಲ ಕಳೆದಂತೆ ಆ ಜೋಡಿ ತನ್ನ ಎರಡು ಪಾಲುಗಳಿಗಿಂತ ಹಿರಿದಾದ ಅರ್ಥವನ್ನು ಪಡೆಯಿತು. ‘ಕೋರ್ಟಿಗೆ ಹೋದ’ ಎಂದರೆ ಒಂದು ದಿನದ ಕೆಲಸ, ‘ಕೋರ್ಟುಕಚೇರಿ ಅಲೆದ’ ಎಂದರೆ ಅರ್ಧ ಆಯುಷ್ಯ. ಇನ್ನು ಅದೇ ಪದವನ್ನು ಎರಡು ಸಲ ಹೇಳುವ ದ್ವಿರುಕ್ತಿಯಂತೂ ವ್ಯಾಕರಣ ಒಪ್ಪಿದ ವಿಧಾನ. ಎಡೆಬಿಡದೆ ಆಗುವುದನ್ನೂ, ‘ವೀಪ್ಸೆ’ಯನ್ನೂ, ಅಂದರೆ ಪ್ರತಿಯೊಂದರಲ್ಲಿಯೂ ವ್ಯಾಪಿಸಿರುವುದನ್ನು ಹೇಳುವ ಇಚ್ಛೆಯನ್ನೂ, ತಿಳಿಸಲು ಪದವನ್ನು ಇಮ್ಮಡಿಸಬೇಕೆಂದು ಪಾಣಿನಿಯೇ ಸೂತ್ರಿಸಿದ್ದಾನೆ. ‘ಮನೆಮನೆ’ ಎಂದರೆ ಎರಡು ಮನೆಗಳಲ್ಲ, ಇರುವಷ್ಟೂ ಮನೆಗಳು.

ಪುನರುಕ್ತಿಯ ಮೇಲೆ ಭಾರತದಲ್ಲಿ ನಡೆದ ಅತ್ಯಂತ ಗಂಭೀರವಾದ ವಿಚಾರಣೆ ವ್ಯಾಕರಣದವರದಲ್ಲ, ತರ್ಕದವರದು. ಗೌತಮನ ನ್ಯಾಯಸೂತ್ರದ ಐದನೆಯ ಅಧ್ಯಾಯ ವಾದದಲ್ಲಿ ಸೋಲು ತರುವ 22 ನಿಗ್ರಹಸ್ಥಾನಗಳನ್ನು ಎಣಿಸುತ್ತದೆ. ಅವುಗಳಲ್ಲಿ ‘ಪುನರುಕ್ತ’ವೂ ಒಂದು. ಇದರಲ್ಲಿಯೂ ಎರಡು ಬಗೆ: ಶಬ್ದವನ್ನೋ ಅರ್ಥವನ್ನೋ ನೇರವಾಗಿ ಮತ್ತೆ ಹೇಳುವುದು ಒಂದು, ಹೇಳಿದ ಮಾತಿನಿಂದ ತಾನಾಗಿಯೇ ಹೊರಡುವುದನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು. ಆದರೆ ಇದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ನೈಯಾಯಿಕರು ಕಟಕಟೆಯ ಆಚೆ ಬದಿಗೆ ನಿಲ್ಲಬೇಕಾಗಿ ಬಂತು. ಸುಳ್ಳು, ವಿರೋಧ, ಪುನರುಕ್ತಿ ಎಂಬ ಮೂರು ದೋಷಗಳಿರುವುದರಿಂದ ವೇದ ಪ್ರಮಾಣವಲ್ಲ ಎಂಬ ಆಕ್ಷೇಪವನ್ನು ಅವರು ಎದುರಿಸಬೇಕಿತ್ತು. ಯಜ್ಞದಲ್ಲಿ ಬೆಂಕಿ ಹೊತ್ತಿಸುವಾಗ ಹೇಳುವ ಸಾಮಿಧೇನೀ ಋಕ್ಕುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಮೂರು ಮೂರು ಸಲ ಹೇಳಬೇಕೆಂಬ ವಿಧಿ ಪುನರುಕ್ತಿಗೆ ಉದಾಹರಣೆಯಾಗಿತ್ತು. ಉತ್ತರ ಸರಳವಾಗಿದೆ: ಇರುವ ಋಕ್ಕುಗಳು 11, ಆಗಬೇಕಾದ ಸಂಖ್ಯೆ 15, ಎರಡನ್ನು ಮೂರು ಸಲ ಹೇಳಿದರೆ ಲೆಕ್ಕ ಸರಿಹೋಗುತ್ತದೆ. ಹೀಗೆ ಪ್ರಯೋಜನವುಳ್ಳ ಪುನರ್ವಚನಕ್ಕೆ ಅವರು ‘ಅನುವಾದ’ವೆಂಬ ಹೆಸರಿಟ್ಟು ಅದನ್ನು ಪುನರುಕ್ತದಿಂದ ಬೇರ್ಪಡಿಸಿದರು. ಹೊರಡುವವನಿಗೆ ‘ಬೇಗ, ಬೇಗ’ ಎಂದಾಗ ಎರಡನೆಯ ‘ಬೇಗ’ ವ್ಯರ್ಥವಲ್ಲ, ಅದು ಹೆಚ್ಚಿನ ವೇಗವನ್ನು ಬೇಡುತ್ತದೆ ಎಂಬ ಅವರ ದೃಷ್ಟಾಂತ ಎರಡು ಸಾವಿರ ವರ್ಷಗಳ ಹತ್ತಿರ ಹಳೆಯದಾದರೂ ಇಂದಿನ ಬಸ್‌ ನಿಲ್ದಾಣದಿಂದ ಎತ್ತಿ ತಂದಂತಿದೆ.

‘ಅನುವಾದ’ವೆಂಬ ಈ ಪದಕ್ಕೆ ಕನ್ನಡದಲ್ಲಿ ಈಗ ಇನ್ನೊಂದೇ ಅರ್ಥ ನೆಲೆನಿಂತಿದೆ: ಒಂದು ಭಾಷೆಯಲ್ಲಿ ಹೇಳಿದ್ದನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದು. ಕೂಡಲಸಂಗಮವೆಂಬ ಹೆಸರಿನಲ್ಲಿ ಹಳೆಯ ಅರ್ಥವೂ ಹೊಸ ಅರ್ಥವೂ ಒಟ್ಟಿಗೆ ನಡೆಯುತ್ತವೆ. ಎರಡನೆಯ ಪದ ಮೊದಲನೆಯದನ್ನು ಮತ್ತೆ ಹೇಳುತ್ತಲೂ ಇದೆ, ಭಾಷಾಂತರಿಸುತ್ತಲೂ ಇದೆ. ಹಾಗಿದ್ದರೆ ನೈಯಾಯಿಕರು ಕೇಳುವ ಪ್ರಶ್ನೆ ಇಲ್ಲಿಯೂ ಏಳುತ್ತದೆ, ಇದರ ಪ್ರಯೋಜನವೇನು?

ಉತ್ತರಕ್ಕೆ ಒಂದು ದಾರಿ ಅಮೀನಗಡದ ಇನ್ನೊಂದು ಮಗ್ಗುಲಲ್ಲಿರುವ ಐಹೊಳೆಯಲ್ಲಿ ಸಿಗುತ್ತದೆ. ಮೇಗುತಿ ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದ ಜೈನಕವಿ ರವಿಕೀರ್ತಿ, ಗುಡಿ ಮುಗಿದ ವರ್ಷವನ್ನು ಎರಡು ಸಲ ಹೇಳಿದ್ದಾನೆ: ಭಾರತಯುದ್ಧದಿಂದ 3735 ವರ್ಷ ಕಳೆದಿವೆ ಎಂದು ಒಮ್ಮೆ, ಶಕ ರಾಜರ ಕಾಲದ 556 ವರ್ಷ ಕಳೆದಿವೆ ಎಂದು ಇನ್ನೊಮ್ಮೆ. ಎರಡೂ ಕ್ರಿ.ಶ. 634-35ನೆಯ ಅದೇ ವರ್ಷವನ್ನೇ ತೋರಿಸುತ್ತವೆ. ದಿನಾಂಕ ತಿಳಿಯಲು ಒಂದೇ ಸಾಕಿತ್ತಾದ್ದರಿಂದ ಎರಡನೆಯದು ಲೆಕ್ಕಕ್ಕೆ ಅಧಿಕ. ಆದರೆ ಮೊದಲ ಸಂಖ್ಯೆಯಿಂದ ಎರಡನೆಯದನ್ನು ಕಳೆದಾಗ ಬರುವ 3179 ಎಂಬುದು ಈ ಎರಡರಲ್ಲಿ ಯಾವ ಒಂದರಲ್ಲಿಯೂ ಇರಲಿಲ್ಲ. ಇಲ್ಲಿ ಭಾರತಯುದ್ಧದಿಂದ ಎಣಿಸಿದ ಕಲಿವರ್ಷವನ್ನು ಶಕವರ್ಷಕ್ಕೆ ಹೊಂದಿಸುವ ಈ ಅಂತರ ಹುಟ್ಟಿದ್ದು ಒಂದೇ ವರ್ಷವನ್ನು ಎರಡು ಗಣನೆಗಳಲ್ಲಿ ಹೇಳಿದ್ದರಿಂದಲೇ. ಜೊತೆಗೆ ಕಲ್ಲು ಸವೆದು ಒಂದು ಸಂಖ್ಯೆ ಅಳಿದರೂ ಇನ್ನೊಂದು ಅದನ್ನು ಕಾಪಾಡುತ್ತಿತ್ತು. ಸಂದೇಶದಲ್ಲಿರುವ ಇಂಥ ಹೆಚ್ಚುವರಿ ಭಾಗವೇ ದಾರಿಯಲ್ಲಾಗುವ ತಪ್ಪುಗಳಿಂದ ಸಂದೇಶವನ್ನು ಉಳಿಸುತ್ತದೆ ಎಂಬುದನ್ನು ಕ್ಲಾಡ್ ಶಾನನ್ 1948ರಲ್ಲಿ ಗಣಿತವಾಗಿ ಕಟ್ಟಿಕೊಟ್ಟ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಸುವುದರ ಹಿಂದಿರುವುದೂ ಇದೇ ಬುದ್ಧಿ. ಎರಡೂ ತಾಳೆಯಾಗದಿದ್ದರೆ ಅಕ್ಷರದ ಮಾತೇ ನಿಲ್ಲುತ್ತದೆಂದು 1881ರ ಕಾಯಿದೆಯೊಂದು ಹೇಳಿರುವುದರಿಂದ, ಪುನರುಕ್ತಿಗೂ ಕಾನೂನಿನಲ್ಲಿ ಒಂದು ಸ್ಥಾನವಿದೆ ಎನ್ನಬೇಕು.

ಬಾದಾಮಿಯ ತಟ್ಟುಕೋಟೆಯ ಬಳಿ ಬಂಡೆಯ ಮೇಲೆ ಕೆತ್ತಿರುವ, ಸುಮಾರು ಕ್ರಿ.ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನ ಇನ್ನೂ ಸೂಕ್ಷ್ಮವಾದ ಉದಾಹರಣೆ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಯೆಂದು ಪ್ರಸಿದ್ಧವಾದ ಅದರಲ್ಲಿ ವೀರನ ಗುಣವನ್ನು ಹೇಳುವಾಗ ಒಂದೇ ಪದ ಬೆನ್ನುಬೆನ್ನಿಗೆ ಎರಡು ಸಲ ಬರುತ್ತದೆ, ಮೊದಲ ಸಲ ಚತುರ್ಥಿ ವಿಭಕ್ತಿಯಲ್ಲಿ, ಎರಡನೆಯ ಸಲ ಪ್ರಥಮೆಯಲ್ಲಿ: ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾದವರಿಗೆ ಸಿಹಿಯಾದವನು ಎಂಬ ಅರ್ಥದಲ್ಲಿ. ಶಬ್ದ ಮರುಕಳಿಸಿದರೂ ವಿಭಕ್ತಿಯೊಂದರಿಂದಲೇ ಅದು ಪುನರುಕ್ತಿಯಾಗದೆ ಒಂದು ನಡತೆಯ ನಿಯಮವಾಗುತ್ತದೆ. ಆ ತ್ರಿಪದಿಯ ಕೊನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇವನು ಮಾಧವನೆಂದು ಹೇಳಿದ ಮೇಲೆ ಬೇರೊಬ್ಬನಲ್ಲ ಎಂದೂ ಹೇಳುತ್ತದೆ. ಇದು ನ್ಯಾಯಸೂತ್ರ ಹೇಳುವ ಎರಡನೆಯ ಬಗೆಯ ಪುನರುಕ್ತದ ಅಚ್ಚು. ಇವನು ಮಾಧವನಾದರೆ ಬೇರೊಬ್ಬನಲ್ಲವೆಂಬುದು ಅರ್ಥದಿಂದಲೇ ಬರುತ್ತದೆ. ಹಾಗಿದ್ದರೂ ಆ ನಿಷೇಧವನ್ನು ತೆಗೆದುಹಾಕಿದರೆ ಪದ್ಯ ಕುಂಟುತ್ತದೆ, ಮತ್ತು ಅದು ಛಂದಸ್ಸಿನ ಕಾರಣದಿಂದ ಮಾತ್ರವಲ್ಲ. ಯಾವುದೇ ಪದ ತನ್ನ ಅರ್ಥವನ್ನು ತಿಳಿಸುವುದು ಉಳಿದವುಗಳನ್ನು ಹೊರಗಿಡುವ ಮೂಲಕವೇ ಎಂಬುದು ದಿಙ್ನಾಗನೇ ಮೊದಲಾದ ಬೌದ್ಧ ತಾರ್ಕಿಕರ ಅಪೋಹವಾದ. ಕೇಳುವವನ ಮನಸ್ಸಿನಲ್ಲಿ ‘ಇನ್ನೊಬ್ಬನಿರಬಹುದು’ ಎಂಬ ಎಣಿಕೆ ಇರುವಾಗ ಆ ಹೊರಗಿಡುವಿಕೆಯನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಕನ್ನಡದ ‘ಏ’ ಎಂಬ ಅವಧಾರಣೆ ‘ಅವನೇ’ ಎನ್ನುವಲ್ಲಿ ಮಾಡುವುದೂ ಇಷ್ಟನ್ನೇ. ಆ ‘ಏ’ಯನ್ನು ಪುನರುಕ್ತಿಯೆಂದು ಯಾರೂ ದೂರಿಲ್ಲ.

ಇನ್ನು ಸದಾಸತ್ಯ ವಾಕ್ಯದ ಕಡೆಗೆ ಬರಬಹುದು. ಹುನಗುಂದ ಸೀಮೆಯ ಒಣಬೇಸಾಯದ ರೈತ ‘ಮಳಿ ಬಂದರ ಬಂತು, ಇಲ್ಲಂದರ ಇಲ್ಲ’ ಎಂದಾಗ ಅವನ ಮಾತು ಎಂದೂ ಸುಳ್ಳಾಗದು. ಎರಡು ಬಿಡಿ ಸಂಗತಿಗಳಿರುವ ಮಾತನ್ನು ನಾಲ್ಕು ಸಾಧ್ಯತೆಗಳಲ್ಲಿಯೂ, ಮೂರಿದ್ದರೆ ಎಂಟರಲ್ಲಿಯೂ ಪರೀಕ್ಷಿಸಿ, ಎಲ್ಲ ಸಾಲಿನಲ್ಲಿಯೂ ‘ಸತ್ಯ’ವೇ ಬಂದರೆ ಅದು ಸದಾಸತ್ಯವೆಂದು ತೀರ್ಮಾನಿಸುವ ಸತ್ಯಕೋಷ್ಟಕದ ವಿಧಾನ 1921ರ ಸುಮಾರಿನಲ್ಲಿ ಎಮಿಲ್ ಪೋಸ್ಟ್ ಮತ್ತು ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಇಬ್ಬರ ಬರೆಹಗಳಲ್ಲಿಯೂ ಕಾಣಿಸಿಕೊಂಡಿತು. ಮಳೆ ಬರುತ್ತದೆ ಇಲ್ಲವೇ ಬರುವುದಿಲ್ಲ ಎಂದು ತಿಳಿದವನಿಗೆ ಹವೆಯ ವಿಷಯ ಏನೂ ತಿಳಿದಿಲ್ಲ ಎಂಬುದು ವಿಟ್‌ಗೆನ್‌ಸ್ಟೈನನ ವಾದ. ಆದರೆ ಇಂಥ ವಾಕ್ಯವನ್ನು ಅವನು ಅಸಂಬದ್ಧವೆನ್ನಲಿಲ್ಲ, ಅದು ಏನನ್ನೂ ಹೇಳದಿದ್ದರೂ ತರ್ಕದ ಚೌಕಟ್ಟನ್ನು ತೋರಿಸುತ್ತದೆ ಎಂದ. ‘ಹೇಳುವುದು’ ಬೇರೆ, ‘ತೋರಿಸುವುದು’ ಬೇರೆ ಎಂಬ ಈ ವಿಂಗಡಣೆಯೇ ಅವನ ಆ ಬರೆಹದ ತಿರುಳು. ಸಂದೇಹಕ್ಕೆ ಒಂದು ಸಂದು ಉಳಿದೇ ಇದೆ: ನಾಲ್ಕು ಹನಿ ಉದುರಿ ನಿಂತರೆ ಅದು ಮಳೆಯೋ ಅಲ್ಲವೋ? ಹವಾಮಾನ ಇಲಾಖೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿದ ದಿನವನ್ನು ಮಾತ್ರ ಮಳೆಯ ದಿನವೆಂದು ಎಣಿಸಿ ಈ ಸಂದನ್ನು ಮುಚ್ಚಿದೆ. ಅಂದರೆ ಸದಾಸತ್ಯವೂ ಬಿಗಿಯಾಗಿ ನಿಲ್ಲಬೇಕಾದರೆ ಯಾರಾದರೊಬ್ಬರು ಮೊದಲು ಪದಕ್ಕೆ ಗೆರೆ ಎಳೆದಿರಬೇಕು.

ಆದರೂ ರೈತ ಆ ಮಾತಿನಿಂದ ಏನೋ ಹೇಳಿದ್ದಾನೆಂಬುದು ಕೇಳಿದವರಿಗೆ ಗೊತ್ತಿರುತ್ತದೆ. ಬಿತ್ತುವುದನ್ನು ಬಿಡುವುದಿಲ್ಲ, ಅಂಜಿ ಕೂಡುವುದೂ ಇಲ್ಲ ಎಂಬ ಅವನ ನಿಲುವು ಅದರಲ್ಲಿದೆ. ಅಮೀನಗಡದ ಕುರಿ ಸಂತೆಯಲ್ಲಿ ವ್ಯಾಪಾರ ಕುದುರಿದ ಮೇಲೆ ಕೊಳ್ಳುವವನು ಮತ್ತೆ ನೂರು ಇನ್ನೂರು ಇಳಿಸಲು ನೋಡಿದರೆ ಮಾರುವವನು ‘ಮಾತಂದ್ರ ಮಾತು’ ಎನ್ನುತ್ತಾನೆ. ಮಾತು ಮಾತೇ ಆಗಿದೆ ಎಂಬುದು ತರ್ಕದ ದೃಷ್ಟಿಯಲ್ಲಿ ಶೂನ್ಯ, ಸಂತೆಯ ದೃಷ್ಟಿಯಲ್ಲಿ ಕದ ಮುಚ್ಚಿದ ಸದ್ದು. ಇದೇ ಬಗೆಯಲ್ಲಿ ‘ಹೋದದ್ದು ಹೋತು’ ಎಂಬುದು ಸಮಾಧಾನ, ‘ತಾಯಿ ತಾಯಿಯೇ’ ಎಂಬುದು ಹೋಲಿಕೆಯನ್ನು ತಳ್ಳಿಹಾಕುವ ಮಾತು. ಹೀಗೆ ಖಾಲಿಯಾಗಿ ಕಾಣುವ ವಾಕ್ಯ ಕೇಳುವವನನ್ನು ಅರ್ಥ ಹುಡುಕಲು ಒತ್ತಾಯಿಸಿ ಸಂದರ್ಭದಿಂದ ಅರ್ಥ ತುಂಬಿಕೊಳ್ಳುತ್ತದೆ ಎಂಬುದನ್ನು 20ನೆಯ ಶತಮಾನದಲ್ಲಿ ಪಾಲ್ ಗ್ರೈಸ್ ವಿವರಿಸಿದ. ಭಾರತದ ಅಲಂಕಾರಶಾಸ್ತ್ರ ಇದನ್ನು ಬಹಳ ಮುಂಚೆಯೇ ಬಲ್ಲದು. ‘ಕವಿರಾಜಮಾರ್ಗ’ ಬಹಳಷ್ಟು ಋಣಿಯಾಗಿರುವ ದಂಡಿಯ ‘ಕಾವ್ಯಾದರ್ಶ’ದಲ್ಲಿ, ಒಂದೇ ಅರ್ಥವನ್ನು ಮತ್ತೆ ಹೇಳುವುದು ದೋಷವೇ ಆದರೂ ಅನುಕಂಪ ಮೊದಲಾದವುಗಳ ಅತಿಶಯವನ್ನು ಹೇಳಬೇಕಾದ ಕಡೆ ಅದೇ ಅಲಂಕಾರವಾಗುತ್ತದೆಂಬ ವಿನಾಯಿತಿಯಿದೆ. ಅಳುವವರ ಮಾತಿನಲ್ಲಿ ಪುನರುಕ್ತಿಯನ್ನು ಎಣಿಸುವ ವಿಮರ್ಶಕ ದಂಡಿಯ ಕಾಲದಲ್ಲಿಯೂ ಇದ್ದಿರಬೇಕು.

ಪದದ ಅರ್ಥದಿಂದಲೇ ಸತ್ಯವಾಗುವ ಮಾತುಗಳದು ಇನ್ನೊಂದು ಪಂಗಡ. ವಿಶೇಷಣ ಹೇಳುವುದೆಲ್ಲ ವಿಶೇಷ್ಯದ ಕಲ್ಪನೆಯಲ್ಲಿ ಮೊದಲೇ ಅಡಗಿರುವ ಇಂಥ ವಾಕ್ಯಗಳನ್ನು ಕಾಂಟ್ 1781ರಲ್ಲಿ ವಿಶ್ಲೇಷಕ ವಾಕ್ಯಗಳೆಂದು ಕರೆದ. ಎಲ್ಲ ಕಾಯಗಳೂ ಜಾಗ ಹಿಡಿಯುತ್ತವೆ ಎಂಬುದು ಅವನ ಉದಾಹರಣೆ. ಅಮೀನಗಡದಲ್ಲಿ ಇದಕ್ಕೆ ಇನ್ನೂ ರುಚಿಯಾದ ಉದಾಹರಣೆ ಸಿಗುತ್ತದೆ. ಊರಿಗೆ ಹೆಸರು ತಂದ ಕರದಂಟು ಎಂಬ ಸಿಹಿಯ ಹೆಸರು ‘ಕರಿದ ಅಂಟು’ ಎಂಬುದರಿಂದ ಬಂದದ್ದು. ಮರದ ಅಂಟಿನ ಹರಳುಗಳನ್ನು ಕಾದ ತುಪ್ಪದಲ್ಲಿ ಬಿಟ್ಟರೆ ಅವು ಚಟಪಟ ಎಂದು ಅರಳಿ ಹುರಿಗಾಳಿನಂತೆ ಹಗುರವಾಗುತ್ತವೆ. ಅವುಗಳನ್ನು ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆಗಳೊಂದಿಗೆ ಬೆಲ್ಲದ ಪಾಕದಲ್ಲಿ ಕಲಸಿ, ತಟ್ಟೆಗೆ ಸುರಿದು, ಬಿಸಿ ಆರುವ ಮೊದಲೇ ಕೊಯ್ದು ಇಡುತ್ತಾರೆ. ಹೀಗಿರುವಾಗ ‘ಅಂಟು ಹಾಕಿದ ಕರದಂಟು’ ಎಂದರೆ ಪುನರುಕ್ತಿಯಾಗುತ್ತದೆ, ‘ಕರದಂಟಿನಲ್ಲಿ ಅಂಟು ಇರುತ್ತದೆ’ ಎಂದರೆ ವಿಶ್ಲೇಷಕ ವಾಕ್ಯವಾಗುತ್ತದೆ. ಆದರೆ ಪೊಟ್ಟಣದ ಮೇಲೆ ಕರದಂಟೆಂದು ಬರೆದಿದ್ದು ಒಳಗೆ ಬೆಲ್ಲ ಕೊಬ್ಬರಿಗಳಷ್ಟೇ ಇದ್ದರೆ, ತಿನ್ನುವವನು ವಾಕ್ಯದ ಸತ್ಯವನ್ನು ನೆನೆದು ಸುಮ್ಮನಾಗುವುದಿಲ್ಲ. ಪದ ಕೊಡುವ ಖಾತರಿ ಪದದ ಮಟ್ಟಕ್ಕೇ ಸೀಮಿತ, ಪೊಟ್ಟಣದೊಳಕ್ಕೆ ಅದು ಇಳಿಯುವುದಿಲ್ಲ. ಇದು ತಿಳಿದಿರುವುದರಿಂದಲೇ ಗಿರಾಕಿ ‘ಅಂಟು ಹಾಕೀರೇನ್ರಿ?’ ಎಂದು ಕೇಳುತ್ತಾನೆ, ಮತ್ತು ಆ ಪ್ರಶ್ನೆ ವ್ಯಾಕರಣಕ್ಕೆ ಎಷ್ಟು ಅಸಂಗತವೋ ವ್ಯವಹಾರಕ್ಕೆ ಅಷ್ಟೇ ಸಂಗತ. ದೇವರು ಪರಿಪೂರ್ಣ, ಪರಿಪೂರ್ಣವಾದುದರಲ್ಲಿ ಇರುವಿಕೆಯೂ ಸೇರಿದೆ, ಆದ್ದರಿಂದ ದೇವರಿದ್ದಾನೆ ಎಂದು ಪದದ ಅರ್ಥದಿಂದಲೇ ದೇವರನ್ನು ಸಾಧಿಸಹೊರಟ ಯುರೋಪಿನ ಹಳೆಯ ವಾದವೊಂದನ್ನು ಕಾಂಟ್ ಒಪ್ಪದಿದ್ದುದಕ್ಕೂ ಕಾರಣ ಇದಕ್ಕೆ ಬಹಳ ದೂರದ್ದಲ್ಲ.

ಧರ್ಮದ ಅಭೇದವಾಕ್ಯಗಳ ಕಷ್ಟ ಇಲ್ಲಿಂದ ಶುರುವಾಗುತ್ತದೆ. ‘ಅದು ಅದೇ’ ಎಂದರೆ ಖಾಲಿ, ‘ಅದು ಇದು’ ಎಂದರೆ ಸುಳ್ಳು. ಹಾಗಾದರೆ ಜೀವ ಮತ್ತು ಬ್ರಹ್ಮ ಒಂದೇ, ಅಂಗ ಮತ್ತು ಲಿಂಗ ಒಂದೇ ಎಂಬ ಮಾತು ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು? ಗಾಟ್‌ಲೋಬ್ ಫ್ರೆಗೆ 1892ರಲ್ಲಿ ಕೊಟ್ಟ ಪರಿಹಾರ ಪ್ರಸಿದ್ಧವಾದದ್ದು. ನಸುಕಿನಲ್ಲಿ ಮೂಡುವ ಬೆಳ್ಳಿ ಮತ್ತು ಸಂಜೆ ಪಡುವಣದಲ್ಲಿ ಕಾಣುವ ಚುಕ್ಕಿ ಎರಡೂ ಶುಕ್ರಗ್ರಹವೇ. ನಿರ್ದೇಶಿತವಾದ ವಸ್ತು ಒಂದೇ ಆದರೂ ಅದನ್ನು ಮುಂದಿಡುವ ಬಗೆಗಳು ಎರಡಾದ್ದರಿಂದ ಅವುಗಳ ಐಕ್ಯ ಕಂಡುಹಿಡಿಯಬೇಕಾದ ಸಂಗತಿಯಾಗುತ್ತದೆ. ಅದ್ವೈತಿಗಳು ‘ತತ್ತ್ವಮಸಿ’ಯನ್ನು ವಿವರಿಸಲು ‘ಆ ದೇವದತ್ತನೇ ಈತ’ ಎಂಬ ದೃಷ್ಟಾಂತವನ್ನು ಬಳಸುತ್ತಾರೆ: ಅಂದು ಅಲ್ಲಿ ಕಂಡವನು ಎಂಬ ಅಂಶವನ್ನೂ, ಇಂದು ಇಲ್ಲಿ ಕಾಣುವವನು ಎಂಬ ಅಂಶವನ್ನೂ ಬಿಟ್ಟು ಉಳಿಯುವ ವ್ಯಕ್ತಿಯೊಬ್ಬನನ್ನೇ ಹಿಡಿಯುವ ಈ ಕ್ರಮಕ್ಕೆ ಜಹದಜಹಲ್ಲಕ್ಷಣೆ, ಅಂದರೆ ಒಂದು ಪಾಲನ್ನು ಬಿಟ್ಟು ಒಂದು ಪಾಲನ್ನು ಉಳಿಸಿಕೊಳ್ಳುವ ಲಕ್ಷಣೆ, ಎಂದು ಹೆಸರು. ಛಾಂದೋಗ್ಯದಲ್ಲಿ ಉದ್ದಾಲಕ ಆ ಮಾತನ್ನು ಮಗನಿಗೆ ಒಂಬತ್ತು ಸಲ ಹೇಳುವುದನ್ನು ವೇದಾಂತಿಗಳು ದೋಷವೆನ್ನದೆ ‘ಅಭ್ಯಾಸ’ವೆಂದು ಕರೆದು, ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವ ಆರು ಗುರುತುಗಳಲ್ಲಿ ಅದನ್ನೂ ಸೇರಿಸಿದರು. ಅದ್ವೈತದ ಪ್ರಕಾರ ಆ ಐಕ್ಯ ಎಂದೂ ಇಲ್ಲದಿರಲಿಲ್ಲ, ತಿಳಿವಳಿಕೆಯೊಂದೇ ಹೊಸದು. ಈ ಅರ್ಥದಲ್ಲಿ ಅದು ತರ್ಕದ ಸದಾಸತ್ಯಕ್ಕೆ ಬಹಳ ಹತ್ತಿರದ್ದು.

ಶರಣರ ಐಕ್ಯದ ಬಣ್ಣ ಬೇರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳನ್ನು ದಾಟಿದ ಮೇಲೆ ಬರುವ ಆರನೆಯ ಸ್ಥಲ ಅದು. ಅಂಗ ಲಿಂಗಗಳು ಒಂದೇ ‘ಸ್ಥಲ’ದಿಂದ ಎರಡಾದವೆಂದು ನಂತರದ ಶಾಸ್ತ್ರಕಾರರು, ಮುಖ್ಯವಾಗಿ ‘ಅನುಭವಸೂತ್ರ’ದ ಮಗ್ಗೆಯ ಮಾಯಿದೇವ, ವಿವರಿಸುತ್ತಾರಾದರೂ, ಷಟ್‌ಸ್ಥಲದ ಏಣಿಗೆ ಮೆಟ್ಟಿಲುಗಳಿವೆ ಎಂಬುದು ಮರೆಯುವಂಥದ್ದಲ್ಲ, ಅವರು ಬಳಸುವ ‘ಸಾಮರಸ್ಯ’ ಎಂಬ ಪದವೂ ಎರಡರ ರಸ ಒಂದಾಗುವುದನ್ನು ಹೇಳುತ್ತದೆ. ಇದಕ್ಕೆ ಸಂಗಮಕ್ಕಿಂತ ತಕ್ಕ ಪ್ರತಿಮೆ ಸಿಗಲಾರದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನೂ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಯನ್ನೂ ಅಲ್ಲಿಯೇ ನಿಂತು ‘ಒಂದೇ’ ಎನ್ನುವುದು ಶುದ್ಧ ಸುಳ್ಳು. ಸಂಗಮ ದಾಟಿದ ಮೇಲೆ ‘ಎರಡು’ ಎನ್ನುವುದಕ್ಕೆ ಅರ್ಥವಿಲ್ಲ. ಸದಾಸತ್ಯ ವಾಕ್ಯ ಎಲ್ಲೆಡೆಯೂ ಸತ್ಯ. ಸಂಗಮದ ವಾಕ್ಯ ಒಂದೇ ಎಡೆಯಲ್ಲಿ, ಅದೂ ಅಷ್ಟು ದೂರ ಹರಿದು ಬಂದ ಮೇಲೆ, ಸತ್ಯವಾಗುತ್ತದೆ. ಹೀಗೆ ನೋಡಿದಾಗ ಕೂಡಲ ಮತ್ತು ಸಂಗಮ ಎಂಬ ಎರಡು ಪದಗಳೂ ಎರಡು ಕಡೆಯಿಂದ ಬಂದ ಹೊಳೆಗಳಂತೆಯೇ ಕಾಣುತ್ತವೆ, ಒಂದು ಕನ್ನಡದ್ದು, ಒಂದು ಸಂಸ್ಕೃತದ್ದು. ಆದರೆ ಈ ಹೋಲಿಕೆಯನ್ನು ಬಹಳ ಎಳೆಯಬಾರದು, ಏಕೆಂದರೆ ಬಳಕೆಯಲ್ಲಿ ಅವು ಎಂದೋ ಕೆಲಸ ಹಂಚಿಕೊಂಡಿವೆ: ಕೂಡಲ ಊರಿಗೆ ಸಂದಿತು, ಸಂಗಮ ದೇವರಿಗೆ. ಹರಿಹರ ತನ್ನ ರಗಳೆಯಲ್ಲಿ ಕಪ್ಪಡಿಸಂಗಮವೆಂಬ ಇನ್ನೊಂದು ಹೆಸರನ್ನು ಬಳಸುವಾಗ ಪುನರುಕ್ತಿ ತಾನಾಗಿ ಕಳಚಿಕೊಳ್ಳುತ್ತದೆ, ದೇವರ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ.

ಅಂಕಿತ ಬರಿಯ ಗುರುತಾಗಿದ್ದರೆ, ಅದೇ ದೇವರನ್ನು ತಿಳಿಸುವ ಇನ್ನೊಂದು ಹೆಸರನ್ನು ಅದರ ಜಾಗದಲ್ಲಿ ಇಟ್ಟಾಗ ವಚನದಲ್ಲಿ ಏನೂ ಬದಲಾಗಬಾರದು. ಈ ತಾರ್ಕಿಕ ಪ್ರಶ್ನೆ ಕರ್ನಾಟಕದಲ್ಲಿ ನ್ಯಾಯಾಲಯದವರೆಗೂ ಹೋಯಿತು. ಕೂಡಲಸಂಗಮದ ಬಸವ ಧರ್ಮಪೀಠದ ಮಾತೆ ಮಹಾದೇವಿಯವರು ಸಂಪಾದಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ್ದರು; 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವೊಂದನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸರಿಯೇ ಎಂಬುದು ಬೇರೆ ಚರ್ಚೆ. ತರ್ಕದ ಮಟ್ಟಿಗೆ ಇಷ್ಟು ಹೇಳಬಹುದು: ಎರಡು ಹೆಸರುಗಳೂ ಉದ್ದೇಶಿಸುವ ದೇವರು ಒಬ್ಬನೇ ಎಂದು ಒಪ್ಪಿದರೂ ಅವು ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ, ಅಂಕಿತ ಆ ದೇವರ ಬಗ್ಗೆ ಆಡಿದ ಹೇಳಿಕೆಯಲ್ಲ, ಆ ದೇವರನ್ನು ಕೂಗಿದ ಕರೆ. ಮೀಮಾಂಸಕರು ಒಂದೇ ಪ್ರಕರಣದಲ್ಲಿ ‘ಯಾಗ ಮಾಡಬೇಕು’ ಎಂಬ ವಿಧಿ ಐದು ಸಲ ಬಂದಾಗ ಅದನ್ನು ವ್ಯರ್ಥವಾದ ಪುನರುಕ್ತಿಯೆನ್ನದೆ ಐದು ಬೇರೆ ಬೇರೆ ಪ್ರಯಾಜಗಳ ವಿಧಾನವೆಂದು ತೀರ್ಮಾನಿಸಿದರು. ಅರ್ಥ ಅದೇ, ಕರ್ಮ ಬೇರೆ. ಅಂಕಿತಕ್ಕೂ ಈ ನ್ಯಾಯ ಸಲ್ಲುತ್ತದೆ. ಒಂದು ವಚನದಲ್ಲಿ ಅದು ದೂರು, ಇನ್ನೊಂದರಲ್ಲಿ ಸಾಕ್ಷಿ, ಮತ್ತೊಂದರಲ್ಲಿ ಸೋತವನ ನಿಟ್ಟುಸಿರು. ಅಕ್ಷರಗಳು ಅವೇ ಆದರೂ ಪ್ರತಿಯೊಂದು ಸಲವೂ ಅದು ಹೊಸ ಕರೆ.

ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಇಂದು ಸಂಗಮದವರೆಗೂ ಚಾಚಿರುವುದರಿಂದ, ಎರಡು ಹೊಳೆಗಳು ಯಾವ ಗೆರೆಯಲ್ಲಿ ಕೂಡುತ್ತವೆ ಎಂಬುದನ್ನು ದಡದಲ್ಲಿ ನಿಂತವರು ಬೆರಳು ಮಾಡಿ ತೋರಿಸುವುದು ಕಷ್ಟ. ಬಸವಣ್ಣನವರು ಐಕ್ಯರಾದ ಸ್ಥಳವೆಂದು ನಂಬಲಾದ ಮಂಟಪವನ್ನು ನೀರು ನುಂಗದಂತೆ ಸುತ್ತ ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಂಡಿದ್ದು, ಅಲ್ಲಿಗೆ ಬಂದವರು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ಹೋಗಬೇಕು. ಸುತ್ತಲಿನ ಊರುಗಳ ಜನ ಮಾತಿನಲ್ಲಿ ‘ಸಂಗಮಕ್ಕ ಹೋಗಿ ಬಂದ್ವಿ’ ಎನ್ನುತ್ತಾರೆ. ಬಸ್ಸು ಹಿಡಿಯುವ ಅವಸರದಲ್ಲಿ ಅಧಿಕಪದವನ್ನು ನಾಲಿಗೆ ತಾನಾಗಿಯೇ ಉದುರಿಸಿಬಿಡುತ್ತದೆ. ಅದೇ ನಾಲಿಗೆ ವಚನವೊಂದನ್ನು ಹೇಳಿ ಮುಗಿಸುವಾಗ ಎರಡು ಪದಗಳನ್ನೂ, ಒಂದರ ಹಿಂದೆ ಒಂದನ್ನು, ಬಿಡದೆ ಹೇಳುತ್ತದೆ.